21 ದಿನಕ್ಕೊಂದು ಪೆನಿಸಿಲಿನ್: ವರ್ಷಗಟ್ಟಲೆ ಪ್ರತಿಜೀವಕದೊಂದಿಗೆ ಬದುಕುವವರಿಗೊಂದು ಮಾರ್ಗದರ್ಶಿ

ನನ್ನ ತಂಗಿಗೆ 11 ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಅವಳ ಬಲ ಮೊಣಕಾಲು ಊದಿಕೊಂಡಿತು. ಮೂರು ದಿನಗಳಲ್ಲಿ ಆ ಊತ ಇಳಿದು, ಎಡಗಾಲಿನ ಪಾದದ ಗಂಟಿನಲ್ಲಿ ಕಾಣಿಸಿಕೊಂಡು, ಅಲ್ಲಿಂದ ಮಣಿಕಟ್ಟಿಗೆ ಹೋಯಿತು. ಬೆಳೆಯುವ ಮಕ್ಕಳಿಗೆ ಬರುವ ನೋವೆಂದುಕೊಂಡು ನಾವು ಎಣ್ಣೆ ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು ಹದಿನೈದು ದಿನ ಕಳೆದೆವು. ಅದಕ್ಕೂ ಮೂರು ವಾರ ಮೊದಲು ಅವಳಿಗೆ ಜ್ವರದೊಂದಿಗೆ ಗಂಟಲು ನೋವು ಬಂದು ಹೋಗಿತ್ತೆಂಬುದು ವೈದ್ಯರು ಕೇಳುವವರೆಗೆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಹೃದಯವನ್ನು ಶಬ್ದತರಂಗಗಳಿಂದ ನೋಡುವ ಎಕೋ ಪರೀಕ್ಷೆಯಲ್ಲಿ ಅವಳ ಹೃದಯದ ಮೈಟ್ರಲ್ ಕವಾಟ ಸೋರುತ್ತಿರುವುದು ತಿಳಿಯಿತು. ರೋಗದ ಹೆಸರು ರುಮ್ಯಾಟಿಕ್ ಜ್ವರ; ಅದು ಹೃದಯದಲ್ಲಿ ಉಳಿಸಿಹೋಗುವ ಹಾನಿಯ ಹೆಸರು ರುಮ್ಯಾಟಿಕ್ ಹೃದ್ರೋಗ. ಅಂದಿನಿಂದ 19 ವರ್ಷಗಳಲ್ಲಿ ಅವಳು 300ಕ್ಕೂ ಹೆಚ್ಚು ಪೆನಿಸಿಲಿನ್ ಇಂಜೆಕ್ಷನ್ ಪಡೆದಿದ್ದಾಳೆ, ಅವುಗಳಲ್ಲಿ ಬಹುಪಾಲಿಗೆ ನಾನು ಜೊತೆಯಲ್ಲಿ ಹೋಗಿದ್ದೇನೆ.

ಇಷ್ಟು ದೀರ್ಘಕಾಲ ಪ್ರತಿಜೀವಕವನ್ನು (ಆಂಟಿಬಯಾಟಿಕ್) ತೆಗೆದುಕೊಳ್ಳಬೇಕಾದ ಮನೆಗಳಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈಗ ಆರೋಗ್ಯವಾಗಿದ್ದೇವಲ್ಲ, ಒಂದು ತಿಂಗಳು ಬಿಟ್ಟರೆ ಏನಾದೀತು ಎಂಬುದು ಒಂದು. ಇಂಜೆಕ್ಷನ್ ನಡೆಯುತ್ತಿದೆಯಲ್ಲ, ಬೇರೆ ಸೋಂಕು ತಗಲುವುದಿಲ್ಲ ಎಂಬುದು ಇನ್ನೊಂದು. ಈ ಪೆನಿಸಿಲಿನ್ ನಮ್ಮನ್ನು ಕಾಯುವುದು ಒಂದೇ ಒಂದು ರೋಗಾಣುವಿನಿಂದ, ಅದೂ ಸರಿಯಾದ ದಿನಕ್ಕೆ ಸಿಕ್ಕಿದಾಗ ಮಾತ್ರ. ಉಳಿದ ಎಲ್ಲ ಸೋಂಕುಗಳಿಂದ ನಾವೇ ನಮ್ಮನ್ನು ಕಾಯ್ದುಕೊಳ್ಳಬೇಕು. ಕೆಳಗಿನದೆಲ್ಲವೂ ಈ ಮಾತಿನ ವಿಸ್ತರಣೆಯೇ. ನಾನು ವೈದ್ಯಳಲ್ಲ. ಇಲ್ಲಿರುವ ಪ್ರಮಾಣ ಮತ್ತು ಅವಧಿಗಳನ್ನು ನಿಮ್ಮ ವೈದ್ಯರೊಂದಿಗೆ ಮಾತನಾಡಲು ಬಳಸಿಕೊಳ್ಳಿ, ಅವರ ಚೀಟಿಯನ್ನು ತಿದ್ದಲು ಬಳಸಬೇಡಿ.

ಮೊದಲ ಹೆಜ್ಜೆ: ಔಷಧ ಏಕೆಂಬುದನ್ನು ಅರ್ಥಮಾಡಿಕೊಳ್ಳುವುದು

ಕಾರಣ ಗೊತ್ತಿಲ್ಲದ ಔಷಧವನ್ನು ಹತ್ತು ವರ್ಷ ಬಿಡದೆ ತೆಗೆದುಕೊಳ್ಳುವುದು ಯಾರಿಂದಲೂ ಆಗದ ಕೆಲಸ, ಅದರಲ್ಲೂ ಹದಿಹರೆಯದ ಮಕ್ಕಳಿಂದ ಖಂಡಿತ ಆಗದು. ಆದ್ದರಿಂದ ಮೊದಲು ಕಾರಣವನ್ನು ರೋಗಿಗೇ, ಅವರ ವಯಸ್ಸಿಗೆ ತಕ್ಕ ಮಾತುಗಳಲ್ಲಿ ತಿಳಿಸಬೇಕು.

ಗಂಟಲಿಗೆ ತಗಲುವ ಸೋಂಕುಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬಂದು ತಾವಾಗಿಯೇ ಹೋಗುತ್ತವೆ. ಆದರೆ ಎ ಗುಂಪಿನ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ಬಂದಾಗ, ಅದನ್ನು ಎದುರಿಸಲು ದೇಹವು ತಯಾರಿಸುವ ಪ್ರತಿಕಾಯಗಳು ಕೆಲವರಲ್ಲಿ ದಾರಿ ತಪ್ಪುತ್ತವೆ. ಆ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಪ್ರೋಟೀನಿಗೂ ನಮ್ಮ ಹೃದಯದ ಅಂಗಾಂಶಕ್ಕೂ ಇರುವ ಹೋಲಿಕೆಯಿಂದಾಗಿ, ಸೋಂಕು ಬಂದು ಎರಡರಿಂದ ನಾಲ್ಕು ವಾರಗಳ ನಂತರ ದೇಹವು ತನ್ನ ಕೀಲುಗಳ ಮೇಲೆ, ಹೃದಯದ ಕವಾಟಗಳ ಮೇಲೆ, ಕೆಲವೊಮ್ಮೆ ಮಿದುಳಿನ ಮೇಲೆಯೂ ತಾನೇ ದಾಳಿ ಮಾಡುತ್ತದೆ. ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು 5ರಿಂದ 15 ವರ್ಷದ ಮಕ್ಕಳಲ್ಲಿ. ಕೀಲಿನ ನೋವು ಗುರುತೂ ಉಳಿಯದಂತೆ ಮಾಯವಾಗುತ್ತದೆ. ಕವಾಟಕ್ಕಾದ ಗಾಯ ಮಾತ್ರ ಉಳಿದುಬಿಡಬಹುದು. ಅದು ದಪ್ಪವಾಗಿ, ಸುಕ್ಕುಗಟ್ಟಿ, ವರ್ಷಗಳ ನಂತರ ಸೋರುವ ಅಥವಾ ಕಿರಿದಾಗುವ ಕವಾಟವಾಗುತ್ತದೆ.

ಒಮ್ಮೆ ಹೀಗೆ ದಾರಿ ತಪ್ಪಿದ ದೇಹ, ಅದೇ ಬ್ಯಾಕ್ಟೀರಿಯಾ ಮತ್ತೆ ಬಂದರೆ ಮತ್ತೆ ದಾರಿ ತಪ್ಪುವ ಸಾಧ್ಯತೆ ಹೆಚ್ಚು. ಪ್ರತಿ ಮರುದಾಳಿಯೂ ಕವಾಟದ ಹಳೆಯ ಗಾಯದ ಮೇಲೆ ಹೊಸ ಗಾಯ ಮಾಡುತ್ತದೆ. ಹಾಗಾದರೆ ಗಂಟಲು ನೋವು ಬಂದಾಗಲೆಲ್ಲ ಔಷಧ ಕೊಟ್ಟರೆ ಸಾಲದೇ ಎಂದು ನಾನೂ ಕೇಳಿದ್ದೆ. ಸಾಲದು. ಈ ಬ್ಯಾಕ್ಟೀರಿಯಾ ಎಷ್ಟೋ ಸಲ ನೋವು, ಜ್ವರ ಯಾವುದನ್ನೂ ತೋರಿಸದೆ ಗಂಟಲಿನಲ್ಲಿ ಬಂದು ಕೂರುತ್ತದೆ, ಆ ಸದ್ದಿಲ್ಲದ ಸೋಂಕೂ ಮರುದಾಳಿಗೆ ಸಾಕಾಗುತ್ತದೆ. ಅದಕ್ಕಾಗಿಯೇ ಸ್ನಾಯುವಿನಲ್ಲಿ ಉಳಿದು ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಇಳಿಯುವ ಬೆಂಜಥೀನ್ ಪೆನಿಸಿಲಿನ್ನನ್ನು ನಿರಂತರವಾಗಿ ಕೊಡುವುದು.

ಇಷ್ಟು ವರ್ಷ ಪ್ರತಿಜೀವಕ ತೆಗೆದುಕೊಂಡರೆ ರೋಗಾಣು ಅದಕ್ಕೆ ಒಗ್ಗಿಹೋಗುವುದಿಲ್ಲವೇ ಎಂಬ ಆತಂಕ ಸಹಜವಾದದ್ದು, ಬೇರೆ ಪ್ರತಿಜೀವಕಗಳ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಈ ಒಂದು ವಿಷಯದಲ್ಲಿ ನಮಗೆ ಸಮಾಧಾನವಿದೆ: ಎ ಗುಂಪಿನ ಸ್ಟ್ರೆಪ್ಟೋಕಾಕಸ್ ಪೆನಿಸಿಲಿನ್ ಬಳಕೆಗೆ ಬಂದ 1940ರ ದಶಕದಿಂದ ಇಂದಿನವರೆಗೂ ಆ ಔಷಧಕ್ಕೆ ಬಗ್ಗುತ್ತಲೇ ಬಂದಿದೆ. ಬೇಗ ಪತ್ತೆಯಾದ ಮಕ್ಕಳಿಗೆ ಇದರಿಂದ ಎಷ್ಟು ಲಾಭವೆಂಬುದನ್ನು ಉಗಾಂಡಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಪಷ್ಟವಾಗಿ ತೋರಿಸಿತು. ಎಕೋದಲ್ಲಿ ಮಾತ್ರ ಕಾಣುವಷ್ಟು ಸಣ್ಣ ಹಾನಿಯಿದ್ದ 818 ಮಕ್ಕಳನ್ನು ಎರಡು ವರ್ಷ ಗಮನಿಸಿದಾಗ, ಇಂಜೆಕ್ಷನ್ ಪಡೆದವರಲ್ಲಿ ರೋಗ ಮುಂದುವರಿದದ್ದು ಶೇಕಡಾ 1ಕ್ಕಿಂತ ಕಡಿಮೆ ಮಕ್ಕಳಲ್ಲಿ, ಪಡೆಯದವರಲ್ಲಿ ಸುಮಾರು ಶೇಕಡಾ 8ರಷ್ಟು ಮಕ್ಕಳಲ್ಲಿ.

ಎರಡನೆಯ ಹೆಜ್ಜೆ: ಎಷ್ಟು ವರ್ಷ ಎಂಬುದನ್ನು ಬರೆಸಿಕೊಳ್ಳುವುದು

ಎಲ್ಲಿಯವರೆಗೆ ಎಂದು ಹೇಳದೆ ಆರಂಭಿಸಿದ ಚಿಕಿತ್ಸೆ ಅರ್ಧದಲ್ಲಿ ನಿಲ್ಲುತ್ತದೆ. ಹೃದಯಕ್ಕೆ ಏನೂ ಆಗದೆ ಕೀಲುಗಳಿಗೆ ಮಾತ್ರ ಬಂದು ಹೋಗಿದ್ದರೆ ಸಾಮಾನ್ಯವಾಗಿ ಕೊನೆಯ ದಾಳಿಯಿಂದ 5 ವರ್ಷ ಅಥವಾ 18ರಿಂದ 21ರ ವಯಸ್ಸಿನವರೆಗೆ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ಕೊಡುತ್ತಾರೆ. ಹೃದಯಕ್ಕೆ ತಗಲಿ ಗುಣವಾಗಿದ್ದರೆ 10 ವರ್ಷ ಅಥವಾ 21ರಿಂದ 25ರ ವಯಸ್ಸಿನವರೆಗೆ. ಕವಾಟದಲ್ಲಿ ಹಾನಿ ಉಳಿದಿದ್ದರೆ 40ರ ವಯಸ್ಸಿನವರೆಗೆ, ಕೆಲವರಿಗೆ ಜೀವನಪರ್ಯಂತ. ಕಿರಿದಾದ ಕವಾಟವನ್ನು ಹಿಗ್ಗಿಸುವ ಬಲೂನ್ ಚಿಕಿತ್ಸೆಯಾಗಲಿ ಕವಾಟ ಬದಲಾವಣೆಯಾಗಲಿ ಆದ ಮೇಲೂ ಇಂಜೆಕ್ಷನ್ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆ ಆಯಿತು, ಇನ್ನೇನು ಬೇಕಿಲ್ಲ ಎಂದು ತಾವಾಗಿಯೇ ನಿಲ್ಲಿಸಿದವರನ್ನು ನಾನು ಆಸ್ಪತ್ರೆಯ ಬೆಂಚುಗಳ ಮೇಲೆ ಅನೇಕ ಸಲ ಭೇಟಿಯಾಗಿದ್ದೇನೆ. ಬದಲಾದದ್ದು ಒಂದು ಕವಾಟ. ಉಳಿದ ಕವಾಟಗಳು ಹಳೆಯವೇ.

ಪ್ರಮಾಣದ ಬಗ್ಗೆ ಒಂದು ಮಾತು. 27 ಕಿಲೋಗಿಂತ ಹೆಚ್ಚು ತೂಕವಿರುವವರಿಗೆ 12 ಲಕ್ಷ ಯೂನಿಟ್, ಅದಕ್ಕಿಂತ ಕಡಿಮೆ ತೂಕದ ಮಕ್ಕಳಿಗೆ 6 ಲಕ್ಷ ಯೂನಿಟ್ ಕೊಡುವುದು ಸಾಮಾನ್ಯ ರೂಢಿ, ಚಿಕ್ಕ ಮಕ್ಕಳಿಗೆ ಇಂಜೆಕ್ಷನ್ನುಗಳ ನಡುವಿನ ಅಂತರವೂ ಕಡಿಮೆಯಿರಬಹುದು. ಮಗು ಬೆಳೆಯುತ್ತದೆ, ಹಳೆಯ ಚೀಟಿ ಬೆಳೆಯುವುದಿಲ್ಲ. ಆರು ತಿಂಗಳಿಗೊಮ್ಮೆ ತೂಕ ನೋಡಿ, ಪ್ರಮಾಣ ಬದಲಾಗಬೇಕೇ ಎಂದು ನೀವೇ ಕೇಳಿ.

ಮೂರನೆಯ ಹೆಜ್ಜೆ: ದಿನಾಂಕವನ್ನು ಮನೆಯ ಕ್ರಮವಾಗಿಸುವುದು

ಕೆಲವು ದೇಶಗಳಲ್ಲಿ ಈ ಇಂಜೆಕ್ಷನ್ 28 ದಿನಕ್ಕೊಮ್ಮೆ. ನಮ್ಮಲ್ಲಿ ಸಾಮಾನ್ಯವಾಗಿ 21 ದಿನಕ್ಕೊಮ್ಮೆ. ಮೂರನೆಯ ವಾರ ಕಳೆಯುತ್ತಿದ್ದಂತೆ ರಕ್ತದಲ್ಲಿ ಪೆನಿಸಿಲಿನ್ ಪ್ರಮಾಣ ತುಂಬ ಇಳಿದಿರುತ್ತದೆ. ತಡವಾದ ಪ್ರತಿಯೊಂದು ದಿನವೂ ಬಾಗಿಲು ತೆರೆದಿಟ್ಟ ದಿನ. ತಿಂಗಳಿಗೊಂದು ಇಂಜೆಕ್ಷನ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಬಾರದು, ಏಕೆಂದರೆ ಆ ಮಾತಿನಿಂದಲೇ 21 ದಿನ ಜಾರಿ 30 ಆಗುತ್ತದೆ. ನಮ್ಮ ಮನೆಯಲ್ಲಿ ಮೂರು ವಾರದ ಸೂಜಿ ಎಂದೇ ಕರೆಯುತ್ತೇವೆ.

21 ದಿನವೆಂದರೆ ಸರಿಯಾಗಿ ಮೂರು ವಾರವಾದ್ದರಿಂದ ಇಂಜೆಕ್ಷನ್ ಯಾವಾಗಲೂ ವಾರದ ಒಂದೇ ದಿನ ಬರುತ್ತದೆ. ಮೊದಲನೆಯದನ್ನು ಬುಧವಾರ ಆರಂಭಿಸಿದರೆ ಮುಂದಿನವೆಲ್ಲವೂ ಬುಧವಾರವೇ. ಹೀಗಾಗಿ ಭಾನುವಾರ ಬಾರದಂತೆ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಖಚಿತವಾಗಿ ಇರುವ ದಿನವನ್ನು ನೋಡಿ ಆರಿಸಿಕೊಳ್ಳಿ. ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೆ ಬಂದ ದಿನವೇ ಇಡೀ ವರ್ಷದ 17 ಅಥವಾ 18 ದಿನಾಂಕಗಳಿಗೆ ಕೆಂಪು ಸುತ್ತು ಹಾಕಿ, ಜೊತೆಗೆ ಇಬ್ಬರ ಫೋನಿನಲ್ಲಿ ಎರಡು ದಿನ ಮೊದಲೇ ನೆನಪಿಸುವಂತೆ ಇಡಿ. ಆ ದಿನ ಹಬ್ಬವೋ ಊರ ಜಾತ್ರೆಯೋ ಪರೀಕ್ಷೆಯೋ ಇದ್ದರೆ ಇಂಜೆಕ್ಷನ್ನನ್ನು ಮುಂದಕ್ಕೆ ಹಾಕಬೇಡಿ, ಎರಡು ಮೂರು ದಿನ ಮೊದಲೇ ತೆಗೆದುಕೊಂಡು ಅಲ್ಲಿಂದ ಮತ್ತೆ 21 ಎಣಿಸಿ. ಬೇಗ ತೆಗೆದುಕೊಂಡರೆ ನಷ್ಟವಿಲ್ಲ.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ತಂಗಿ ಪಿಯುಸಿ ಓದಲು ಹಾಸ್ಟೆಲಿಗೆ ಹೋದ ವರ್ಷ, ಗೆಳತಿಯರ ಮುಂದೆ ರೋಗಿಯೆನಿಸಿಕೊಳ್ಳುವ ಸಂಕೋಚದಿಂದ ಒಂದರ ಹಿಂದೊಂದರಂತೆ ನಾಲ್ಕು ಇಂಜೆಕ್ಷನ್ ಬಿಟ್ಟಳು. ಫೋನಿನಲ್ಲಿ ಕೇಳಿದಾಗ ಆಯಿತು ಎನ್ನುತ್ತಿದ್ದಳು, ನಾನು ನಂಬುತ್ತಿದ್ದೆ. ಐದನೆಯ ತಿಂಗಳಿನಲ್ಲಿ ಜ್ವರ, ಕೀಲು ನೋವು ಮರಳಿದವು. ಅದುವರೆಗೆ ಅಲ್ಪವಿದ್ದ ಸೋರಿಕೆ ನಂತರದ ಎಕೋದಲ್ಲಿ ಮಧ್ಯಮ ಮಟ್ಟಕ್ಕೆ ಏರಿತ್ತು. ಅವಳನ್ನು ದೂರಿ ಪ್ರಯೋಜನವಿರಲಿಲ್ಲ. ಹದಿನೇಳರ ಹುಡುಗಿಯ ಮೇಲೆ ಪೂರ್ತಿ ಹೊಣೆ ಬಿಟ್ಟದ್ದು ನಮ್ಮ ತಪ್ಪು. ಮಕ್ಕಳು ಹಾಸ್ಟೆಲಿಗೆ ಹೋಗುವ ಮೊದಲು ಅಲ್ಲಿ ಇಂಜೆಕ್ಷನ್ ಕೊಡುವ ಸ್ಥಳವನ್ನು ನೀವೇ ಹೋಗಿ ನೋಡಿ, ವಾರ್ಡನ್ನರಿಗೆ ವೈದ್ಯರ ಪತ್ರವನ್ನು ಕೊಟ್ಟು, ಪ್ರತಿ ಸಲ ಕಾರ್ಡಿನ ಸಹಿಯ ಚಿತ್ರವನ್ನು ಫೋನಿಗೆ ತರಿಸಿಕೊಳ್ಳಿ. ಇದು ಅಪನಂಬಿಕೆಯಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಿಬಿಟ್ಟರೆ ಅವರೂ ಬೇಸರಪಡುವುದಿಲ್ಲ.

ಔಷಧದ ಕೊರತೆಗೂ ಸಿದ್ಧರಾಗಿರಬೇಕು. ಬೆಂಜಥೀನ್ ಪೆನಿಸಿಲಿನ್ ಅಗ್ಗದ ಔಷಧ, ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಆದರೆ ಜಗತ್ತಿನಲ್ಲಿ ಅದರ ಮೂಲದ್ರವ್ಯ ತಯಾರಿಸುವವರು ಕೆಲವೇ ಮಂದಿಯಾದ್ದರಿಂದ ಆಗಾಗ ಅಂಗಡಿಗಳಲ್ಲಿ ಸಿಗದೆ ಹೋಗುತ್ತದೆ. ಇಂಜೆಕ್ಷನ್ನಿನ ವಾರಕ್ಕೆ ಮೊದಲೇ ವಿಚಾರಿಸಿ, ಅವಧಿ ಮುಗಿಯುವ ದಿನಾಂಕ ದೂರವಿರುವ ಒಂದು ಬಾಟಲಿಯನ್ನು ಹೆಚ್ಚುವರಿಯಾಗಿ ಮನೆಯಲ್ಲಿಟ್ಟುಕೊಳ್ಳಿ, ಅದನ್ನು ಹೇಗೆ ಕಾಪಾಡಬೇಕೆಂಬುದನ್ನು ಪೆಟ್ಟಿಗೆಯ ಮೇಲಿನ ಸೂಚನೆಯಲ್ಲಿ ನೋಡಿಕೊಳ್ಳಿ. ಎಲ್ಲಿಯೂ ಸಿಗದಿದ್ದರೆ ಕಾಯುತ್ತ ಕೂರದೆ, ಸಿಗುವವರೆಗೆ ಪೆನಿಸಿಲಿನ್ ಮಾತ್ರೆ ಬರೆದುಕೊಡುವಂತೆ ಅದೇ ದಿನ ವೈದ್ಯರನ್ನು ಕೇಳಿ.

ನಾಲ್ಕನೆಯ ಹೆಜ್ಜೆ: ಇಂಜೆಕ್ಷನ್ನಿನ ದಿನ

ಇದು ನೋವಿನ ಇಂಜೆಕ್ಷನ್. ಬಾಟಲಿಯಲ್ಲಿ ಪುಡಿಯಾಗಿ ಬರುವ ಔಷಧವನ್ನು ಇಂಜೆಕ್ಷನ್ನಿನ ನೀರಿನಲ್ಲಿ ಕಲಸಿದಾಗ ಅದು ಹಾಲಿನಂತೆ ಬಿಳಿಯಾಗಿ ದಪ್ಪವಾಗಿರುತ್ತದೆ, ತಡಮಾಡಿದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ಅದನ್ನು ಸೊಂಟದ ಅಥವಾ ತೊಡೆಯ ಸ್ನಾಯುವಿನೊಳಗೆ ಆಳವಾಗಿ ಕೊಡಬೇಕು; ರಕ್ತನಾಳಕ್ಕೆ ಎಂದೂ ಕೊಡಬಾರದು. ನೋವು ಸ್ವಲ್ಪವಾದರೂ ಕಡಿಮೆಯಾದರೆ ಮುಂದಿನ ಸಲ ಮಗು ತಪ್ಪಿಸಿಕೊಳ್ಳುವುದಿಲ್ಲ, ಆದ್ದರಿಂದ ನೋವು ತಗ್ಗಿಸುವುದೂ ಚಿಕಿತ್ಸೆಯ ಭಾಗವೇ. ಕಲಸಿದ ಔಷಧ ತಣ್ಣಗಿದ್ದರೆ ಸಿರಿಂಜನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸುವುದು, ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಪೂರ್ತಿ ಆರಲು ಬಿಡುವುದು, ಚುಚ್ಚುವ ಜಾಗವನ್ನು ಮೊದಲು ಹತ್ತು ಸೆಕೆಂಡ್ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತುವುದು, ಔಷಧವನ್ನು ಎರಡು ಮೂರು ನಿಮಿಷ ಹಿಡಿದು ನಿಧಾನವಾಗಿ ಬಿಡುವುದು, ಒಂದು ಸಲ ಬಲಕ್ಕಾದರೆ ಮುಂದಿನ ಸಲ ಎಡಕ್ಕೆ ಕೊಡುವುದು, ಇವೆಲ್ಲ ಖರ್ಚಿಲ್ಲದ ಉಪಾಯಗಳು. ಔಷಧದೊಂದಿಗೆ ಚುಚ್ಚಿದ ಜಾಗವನ್ನು ಮರಗಟ್ಟಿಸುವ ಲಿಗ್ನೋಕೇನನ್ನು ಸ್ವಲ್ಪ ಸೇರಿಸುವ ವೈದ್ಯರೂ ಇದ್ದಾರೆ, ಕೇಳಿ ನೋಡಬಹುದು. ಇವನ್ನು ದಾದಿಯರಲ್ಲಿ ವಿನಯದಿಂದ ಕೇಳಿಕೊಂಡರೆ ಬಹುತೇಕರು ಸಂತೋಷದಿಂದಲೇ ಮಾಡುತ್ತಾರೆ. ಇಂಜೆಕ್ಷನ್ ಆದ ಮೇಲೆ ಮಗುವನ್ನು ಸುಮ್ಮನೆ ಮಲಗಿಸಬೇಡಿ. ಸ್ವಲ್ಪ ಓಡಾಡಿದರೆ ಕಾಲು ಹಿಡಿದುಕೊಳ್ಳುವುದಿಲ್ಲ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ನೀರು ಕುಡಿದು ಹೋಗಿ, ಮಲಗಿಯೇ ಇಂಜೆಕ್ಷನ್ ತೆಗೆದುಕೊಳ್ಳಿ, ನಂತರ ಅರ್ಧ ಗಂಟೆಯಾದರೂ ಅಲ್ಲಿಯೇ ಕುಳಿತಿರಿ. ಮೈಮೇಲೆ ದದ್ದು, ತುಟಿ ಅಥವಾ ಕಣ್ಣಿನ ಸುತ್ತ ಊತ, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವಂತಾಗುವುದು ಕಂಡರೆ ತಕ್ಷಣ ಹೇಳಿ. ಇಂತಹ ತೀವ್ರ ಅಲರ್ಜಿ ಅಪರೂಪ. 1991ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದರಲ್ಲಿ 32 ಸಾವಿರಕ್ಕೂ ಹೆಚ್ಚು ಇಂಜೆಕ್ಷನ್ನುಗಳಲ್ಲಿ ತೀವ್ರ ಅಲರ್ಜಿ ಕಂಡದ್ದು ನಾಲ್ಕರಲ್ಲಿ. ಅಪರೂಪವೆಂದು ಅಜಾಗರೂಕತೆಯೂ ಸಲ್ಲದು: ತೀವ್ರ ಅಲರ್ಜಿಗೆ ತಕ್ಷಣ ಕೊಡುವ ಅಡ್ರಿನಲಿನ್ ಔಷಧವನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರುವ ಸ್ಥಳದಲ್ಲಿ ಮಾತ್ರ ಇಂಜೆಕ್ಷನ್ ಪಡೆಯಿರಿ, ಮನೆಗೆ ಕರೆಸಿ ಹಾಕಿಸಿಕೊಳ್ಳಬೇಡಿ. ಚರ್ಮದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂಬುದು, ಹಿಂದಿನ ಐವತ್ತು ಸಲ ಏನೂ ಆಗಲಿಲ್ಲವೆಂಬುದು, ಎರಡೂ ಆ ಅರ್ಧ ಗಂಟೆಯ ಕಾಯುವಿಕೆಗೆ ಬದಲಿಯಾಗಲಾರವು.

ಇಲ್ಲಿ ಒಂದು ಗುಂಪಿನವರಿಗೆ ವಿಶೇಷ ಎಚ್ಚರಿಕೆ ಬೇಕು. ಕವಾಟ ತೀರ ಕಿರಿದಾಗಿರುವವರಿಗೆ, ಸಾಮಾನ್ಯ ಓಡಾಟಕ್ಕೂ ಏದುಸಿರು ಬರುವವರಿಗೆ, ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿರುವವರಿಗೆ, ಇಂಜೆಕ್ಷನ್ನಿನ ನೋವು ಮತ್ತು ಭಯದಿಂದ ರಕ್ತದೊತ್ತಡ ಒಮ್ಮೆಲೇ ಕುಸಿದರೆ ಅದನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಅಲರ್ಜಿಯೆಂದು ಭಾವಿಸಿದ ಕೆಲವು ಸಾವುಗಳ ನಿಜವಾದ ಕಾರಣ ಇದೇ ಇರಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಎಚ್ಚರಿಸಿ, ಇಂತಹ ರೋಗಿಗಳಿಗೆ ಮಾತ್ರೆಯೇ ಲೇಸೆಂದು ಸಲಹೆ ನೀಡಿತು. ನಿಮ್ಮ ರೋಗ ಈ ಮಟ್ಟದ್ದೇ ಎಂಬುದನ್ನು ಹೃದ್ರೋಗ ತಜ್ಞರಲ್ಲಿ ನೇರವಾಗಿ ಕೇಳಿ.

ಮಾತ್ರೆಗೆ ಬದಲಾದರೆ ನೆನಪಿಡಬೇಕಾದದ್ದು ಹೆಚ್ಚು, ಏಕೆಂದರೆ ಆಗ 21 ದಿನಕ್ಕೊಂದು ಎಚ್ಚರಿಕೆಯ ಬದಲು ದಿನಕ್ಕೆರಡು ಎಚ್ಚರಿಕೆ ಬೇಕು. ಸಾಮಾನ್ಯವಾಗಿ ಪೆನಿಸಿಲಿನ್ ವಿ 250 ಮಿಲಿಗ್ರಾಂ ದಿನಕ್ಕೆರಡು ಸಲ. ಪೆನಿಸಿಲಿನ್ ಒಗ್ಗದವರಿಗೆ ಎರಿಥ್ರೋಮೈಸಿನ್ ಅಥವಾ ಸಲ್ಫಾಡಯಾಜಿನ್. ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಮಾತ್ರೆಯ ಡಬ್ಬಿ ಇಟ್ಟರೆ ಎರಡೂ ಹೊತ್ತು ಕಣ್ಣಿಗೆ ಬೀಳುತ್ತದೆ. ಮಾತ್ರೆಯಿಂದ ಹೊಟ್ಟೆ ಸಡಿಲಾದರೆ ಮೊಸರನ್ನ ತಿಂದು ಒಂದೆರಡು ದಿನ ನೋಡಬಹುದು. ಆದರೆ ಭೇದಿ ನಿಲ್ಲದಿದ್ದರೆ ಅಥವಾ ಅದರಲ್ಲಿ ರಕ್ತ ಕಂಡರೆ ತಡಮಾಡದೆ ತೋರಿಸಬೇಕು. ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅಳಿದಾಗ ಬೇರೊಂದು ಅಪಾಯಕಾರಿ ಬ್ಯಾಕ್ಟೀರಿಯಾ ಅಲ್ಲಿ ತಳವೂರುವುದುಂಟು.

ಐದನೆಯ ಹೆಜ್ಜೆ: ಪೆನಿಸಿಲಿನ್ ಕಾಯದ ಸೋಂಕುಗಳಿಂದ ಕಾಯ್ದುಕೊಳ್ಳುವುದು

ಕವಾಟದ ರೋಗವಿರುವವರು ಹೆಚ್ಚು ಹೆದರಬೇಕಾದ ಸೋಂಕಿನ ಹೆಸರು ಎಂಡೋಕಾರ್ಡೈಟಿಸ್. ಬಾಯಿಯಿಂದಲೋ ಚರ್ಮದ ಹುಣ್ಣಿನಿಂದಲೋ ರಕ್ತಕ್ಕೆ ಇಳಿದ ಬ್ಯಾಕ್ಟೀರಿಯಾ, ಹಾನಿಗೊಂಡು ಒರಟಾದ ಕವಾಟದ ಮೇಲೆ ಅಂಟಿ ಅಲ್ಲಿಯೇ ಬೆಳೆಯುವ ರೋಗವಿದು. ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ರಕ್ತನಾಳದ ಮೂಲಕವೇ ಔಷಧ ಪಡೆಯಬೇಕಾಗುತ್ತದೆ, ಜೀವಕ್ಕೂ ಅಪಾಯವಿದೆ. ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ನಿನ ತೆಳುವಾದ ಪ್ರಮಾಣ ಇದನ್ನು ತಡೆಯಲಾರದು. ಗಂಟಲಿನ ಸ್ಟ್ರೆಪ್ಟೋಕಾಕಸ್ ಬೇರೆ, ಬಾಯಿಯಲ್ಲಿ ಸಹಜವಾಗಿ ವಾಸಿಸುವ ಅದರ ಬಂಧುಗಳು ಬೇರೆ.

ಆದ್ದರಿಂದ ಹಲ್ಲು ಮತ್ತು ವಸಡಿನ ಆರೈಕೆಯೇ ಹೃದಯದ ಆರೈಕೆ. ದಿನಕ್ಕೆರಡು ಸಲ ಮೆದುವಾದ ಬ್ರಷ್ಷಿನಿಂದ ಹಲ್ಲುಜ್ಜಬೇಕು, ಆರು ತಿಂಗಳಿಗೊಮ್ಮೆ ದಂತವೈದ್ಯರನ್ನು ಕಾಣಬೇಕು, ತಂಬಾಕು ಮತ್ತು ಗುಟ್ಕಾ ಬಾಯಿಗೆ ಸೋಕಲೇಬಾರದು. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುವುದನ್ನು ನಾವು ದೊಡ್ಡ ವಿಷಯವೆಂದು ಎಣಿಸುವುದಿಲ್ಲ. ಈ ರೋಗಿಗಳಿಗೆ ಅದು ದೊಡ್ಡ ವಿಷಯವೇ. ಹಲ್ಲು ಕೀಳಿಸುವ ಅಥವಾ ವಸಡಿನ ಚಿಕಿತ್ಸೆಯ ಮೊದಲು ದಂತವೈದ್ಯರಿಗೆ ಎರಡು ಸಂಗತಿಗಳನ್ನು ತಪ್ಪದೆ ಹೇಳಿ: ಕವಾಟದ ರೋಗವಿದೆ ಅಥವಾ ಕೃತಕ ಕವಾಟವಿದೆ ಎಂಬುದು ಒಂದು, ದೀರ್ಘಕಾಲದಿಂದ ಪೆನಿಸಿಲಿನ್ ನಡೆಯುತ್ತಿದೆ ಎಂಬುದು ಇನ್ನೊಂದು. ಕೃತಕ ಕವಾಟ ಇರುವವರಿಗೆ, ಹಿಂದೆ ಎಂಡೋಕಾರ್ಡೈಟಿಸ್ ಆಗಿದ್ದವರಿಗೆ ಇಂತಹ ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮೊದಲು ಒಂದು ಬಾರಿ ಪ್ರತಿಜೀವಕ ಕೊಡುತ್ತಾರೆ. ಉಳಿದವರಿಗೆ ಬೇಕೇ ಎಂಬುದನ್ನು ಹೃದ್ರೋಗ ತಜ್ಞರು ಹೇಳಬೇಕು. ದೀರ್ಘಕಾಲದ ಪೆನಿಸಿಲಿನ್ ಪಡೆಯದ ಇಂತಹ ರೋಗಿಗಳಿಗೆ ಅದಕ್ಕೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಸಾಕು. ವರ್ಷಗಳಿಂದ ಪೆನಿಸಿಲಿನ್ ಪಡೆಯುತ್ತಿರುವವರ ಬಾಯಿಯ ಬ್ಯಾಕ್ಟೀರಿಯಾಗಳು ಪೆನಿಸಿಲಿನ್ ಕುಟುಂಬದ ಔಷಧಗಳಿಗೆ ಜಗ್ಗದಂತಾಗಿರಬಹುದಾದ್ದರಿಂದ ಬೇರೆ ಗುಂಪಿನ ಔಷಧ ಬೇಕಾಗುತ್ತದೆ. ನಾವು ಬಾಯಿಬಿಟ್ಟು ಹೇಳದಿದ್ದರೆ ದಂತವೈದ್ಯರಿಗೆ ಇದು ತಿಳಿಯುವ ದಾರಿಯೇ ಇಲ್ಲ.

ಈಗ ನಾನು ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ಮಾತು. ಕವಾಟದ ರೋಗವಿರುವವರಿಗೆ ನೆಗಡಿ ಕೆಮ್ಮಿನಂತಹ ಸ್ಪಷ್ಟ ಕಾರಣವಿಲ್ಲದೆ ಜ್ವರ ಬಂದು ಎರಡು ಮೂರು ದಿನಕ್ಕೂ ಇಳಿಯದಿದ್ದರೆ, ಅಥವಾ ಸಣ್ಣ ಜ್ವರದೊಂದಿಗೆ ಸುಸ್ತು, ರಾತ್ರಿ ಬೆವರು, ತೂಕ ಇಳಿಯುವುದು ಮುಂದುವರಿದರೆ, ಯಾವುದೇ ಹೊಸ ಪ್ರತಿಜೀವಕವನ್ನು ನುಂಗುವ ಮೊದಲು ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆ ಆಗಬೇಕು. ಮೆಡಿಕಲ್ ಅಂಗಡಿಯಿಂದ ತಂದ ಮೂರು ಅಜಿತ್ರೋಮೈಸಿನ್ ಮಾತ್ರೆ ಜ್ವರವನ್ನು ನಾಲ್ಕು ದಿನ ಮರೆಮಾಡಿ, ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಪರೀಕ್ಷೆಗೆ ಸಿಗದಷ್ಟು ಕುಗ್ಗಿಸಿ, ಕವಾಟದ ಮೇಲಿನ ಸೋಂಕನ್ನು ಮಾತ್ರ ಹಾಗೆಯೇ ಬಿಡುತ್ತದೆ. ಆಮೇಲೆ ಯಾವ ರೋಗಾಣುವಿಗೆ ಯಾವ ಔಷಧ ಕೊಡಬೇಕೆಂಬುದೇ ವೈದ್ಯರಿಗೆ ಗೊತ್ತಾಗುವುದಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು, ಅದು ಕಲ್ಚರ್ ಪರೀಕ್ಷೆಯನ್ನು ಕೆಡಿಸುವುದಿಲ್ಲ. ಮಾತ್ರೆಗಳ ಹಾಳೆಯ ಮೇಲೆ ಕೆಂಪು ಗೆರೆಯಿರುವ ಯಾವ ಔಷಧವನ್ನೂ ವೈದ್ಯರ ಚೀಟಿಯಿಲ್ಲದೆ ಮನೆಗೆ ತರಬೇಡಿ. ನಮ್ಮ ದೇಶದಲ್ಲಿ ಆ ಗೆರೆಯ ಅರ್ಥವನ್ನು ಜನರಿಗೆ ತಿಳಿಸುವ ಅಭಿಯಾನ 2016ರಲ್ಲೇ ಆರಂಭವಾದರೂ ಅಂಗಡಿಯ ಮುಂದೆ ನಿಂತು ಜ್ವರದ ಮಾತ್ರೆ ಕೇಳುವ ರೂಢಿ ಇನ್ನೂ ಹೋಗಿಲ್ಲ.

ಗಂಟಲು ನೋವು ಬಂದರೆ, ಇಂಜೆಕ್ಷನ್ ಸರಿಯಾಗಿ ನಡೆಯುತ್ತಿದ್ದರೂ ವೈದ್ಯರಿಗೆ ತೋರಿಸಿ. ಕೆಮ್ಮು, ಮೂಗು ಸೋರುವಿಕೆ ಇಲ್ಲದೆ ಜ್ವರ, ನುಂಗಲು ಕಷ್ಟ, ಕತ್ತಿನಲ್ಲಿ ನೋಯುವ ಗಂಟು, ಟಾನ್ಸಿಲಿನ ಮೇಲೆ ಬಿಳಿ ಕೀವು ಇವೆಲ್ಲ ಸ್ಟ್ರೆಪ್ಟೋಕಾಕಸ್ಸಿನ ಕಡೆಗೆ ಬೆರಳು ಮಾಡುವ ಲಕ್ಷಣಗಳು. ಚರ್ಮದ ಸೋಂಕುಗಳನ್ನೂ ಕಡೆಗಣಿಸಬೇಡಿ. ಕಜ್ಜಿ ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರೂ ಒಂದೇ ದಿನ ಔಷಧ ಹಚ್ಚಿಕೊಂಡು, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಕೆರೆದ ಗಾಯ ಕೀವಾದರೆ ಅದು ರಕ್ತಕ್ಕೆ ದಾರಿಯಾಗುತ್ತದೆ. ಮಲಗುವ ಕೋಣೆಯಲ್ಲಿ ಕಿಟಕಿ ತೆರೆದಿಡುವುದು, ಮಕ್ಕಳನ್ನು ಸಾಧ್ಯವಾದಷ್ಟು ದೂರ ದೂರ ಮಲಗಿಸುವುದು, ಕೈ ತೊಳೆಯುವುದು, ಇವು ಸಣ್ಣ ಮಾತುಗಳಂತೆ ಕಂಡರೂ ಇಕ್ಕಟ್ಟಾದ ಮನೆಗಳಲ್ಲೇ ಈ ರೋಗ ಹೆಚ್ಚೆಂಬುದನ್ನು ಮರೆಯಬಾರದು. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಗಳ ಬಗ್ಗೆಯೂ ವೈದ್ಯರನ್ನು ಕೇಳಿ.

ಆರನೆಯ ಹೆಜ್ಜೆ: ಬೇರೆ ಔಷಧಗಳು ಮತ್ತು ಬಸಿರು

ಕೃತಕ ಕವಾಟದವರು ಮತ್ತು ಹೃದಯದ ಬಡಿತ ಲಯ ತಪ್ಪಿರುವವರು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಎರಿಥ್ರೋಮೈಸಿನ್‌ನಂತಹ ಪ್ರತಿಜೀವಕಗಳು ಈ ಮಾತ್ರೆಯ ಪ್ರಭಾವವನ್ನು ಹೆಚ್ಚಿಸಿ ರಕ್ತಸ್ರಾವ ಉಂಟುಮಾಡಬಲ್ಲವು. ಹೊಟ್ಟೆ ಕೆಟ್ಟಿತೆಂದು ಯಾರೋ ಕೊಟ್ಟ ಮಾತ್ರೆಯೂ ಇವುಗಳಲ್ಲೊಂದಾಗಿರಬಹುದು. ಯಾವ ಹೊಸ ಔಷಧ ಆರಂಭಿಸಿದರೂ ಕೆಲವೇ ದಿನಗಳಲ್ಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿ. ಸ್ನಾಯುವಿಗೆ ಇಂಜೆಕ್ಷನ್ ಪಡೆಯುವ ಮೊದಲೂ ಐಎನ್‌ಆರ್ ಮಿತಿಯಲ್ಲಿದೆಯೇ ನೋಡಿ, ನಂತರ ಚುಚ್ಚಿದ ಜಾಗವನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯಿರಿ. ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆಯೆಂದು ಕೇಳಿ ತಾವಾಗಿಯೇ ಬದಲಾಯಿಸುವವರಿದ್ದಾರೆ. ರುಮ್ಯಾಟಿಕ್ ಹೃದ್ರೋಗಿಗಳ ಮೇಲೆ ಅನೇಕ ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ ವಾರ್ಫರಿನ್ ಬಗೆಯ ಹಳೆಯ ಔಷಧವೇ ಹೊಸದಕ್ಕಿಂತ ಹೆಚ್ಚು ಜೀವ ಉಳಿಸಿತು.

ಹೆಣ್ಣುಮಕ್ಕಳ ಮದುವೆಯ ಸಂದರ್ಭದಲ್ಲಿ ಈ ರೋಗವನ್ನು ಮುಚ್ಚಿಟ್ಟು, ಗಂಡನ ಮನೆಗೆ ಗೊತ್ತಾಗದಿರಲೆಂದು ಇಂಜೆಕ್ಷನ್ ನಿಲ್ಲಿಸುವುದನ್ನು ನೋಡಿದ್ದೇನೆ, ಅದು ನನ್ನನ್ನು ಬಹಳ ನೋಯಿಸಿದೆ. ಬಸುರಿಯಲ್ಲಿ ರಕ್ತದ ಪ್ರಮಾಣ ಅರ್ಧದಷ್ಟು ಹೆಚ್ಚುವುದರಿಂದ ಅದುವರೆಗೆ ಸುಮ್ಮನಿದ್ದ ಕಿರಿದಾದ ಕವಾಟ ಆಗಲೇ ಏದುಸಿರಾಗಿ ತೋರಿಕೊಳ್ಳುತ್ತದೆ. ಗರ್ಭ ಧರಿಸುವ ಮೊದಲೇ ಎಕೋ ಮಾಡಿಸಿ ತಜ್ಞರನ್ನು ಕಾಣಬೇಕು. ಪೆನಿಸಿಲಿನ್ ಬಸಿರಿನಲ್ಲೂ ಎದೆಹಾಲು ಕೊಡುವಾಗಲೂ ಸುರಕ್ಷಿತ, ನಿಲ್ಲಿಸಬಾರದು. ವಾರ್ಫರಿನ್ ಮಾತ್ರ ಗರ್ಭದ ಮಗುವಿಗೆ ಹಾನಿ ಮಾಡಬಲ್ಲದು. ಅದನ್ನು ಹೇಗೆ ಬದಲಾಯಿಸಬೇಕೆಂಬುದನ್ನು ವೈದ್ಯರೇ ತೀರ್ಮಾನಿಸಬೇಕು, ಹೆದರಿ ಒಮ್ಮೆಲೇ ಬಿಟ್ಟುಬಿಡುವುದು ಇನ್ನೂ ಅಪಾಯ.

ಏಳನೆಯ ಹೆಜ್ಜೆ: ಕಡತ, ಕಾರ್ಡು, ಸಹಾಯ

ಒಂದು ಗಟ್ಟಿ ಫೈಲಿನಲ್ಲಿ ಮೊದಲ ಎಕೋದಿಂದ ಹಿಡಿದು ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿಡಿ. ರೋಗ ಮುಂದುವರಿಯಿತೇ ಎಂಬುದು ಹಳೆಯದನ್ನು ಪಕ್ಕದಲ್ಲಿಟ್ಟಾಗ ಮಾತ್ರ ತಿಳಿಯುತ್ತದೆ. ಕಿಸೆಯಲ್ಲಿಡುವ ಸಣ್ಣ ಕಾರ್ಡಿನಲ್ಲಿ ರೋಗದ ಹೆಸರು, ಕೊನೆಯ ಇಂಜೆಕ್ಷನ್ನಿನ ದಿನಾಂಕ, ಮುಂದಿನ ದಿನಾಂಕ, ಅಲರ್ಜಿ, ತೆಗೆದುಕೊಳ್ಳುವ ಇತರ ಔಷಧಗಳು ಮತ್ತು ಮನೆಯವರ ಫೋನ್ ಸಂಖ್ಯೆ ಇರಲಿ.

ಶಾಲೆ ಮತ್ತು ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕುವ ಕಾಯಿಲೆಗಳಲ್ಲಿ ರುಮ್ಯಾಟಿಕ್ ಹೃದ್ರೋಗವೂ ಒಂದು. ಕವಾಟಕ್ಕೆ ಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲದೆ ಮೈಸೂರು, ಕಲಬುರಗಿಗಳಲ್ಲೂ ಇದ್ದು, ಕಿರಿದಾದ ಮೈಟ್ರಲ್ ಕವಾಟವನ್ನು ಎದೆ ತೆರೆಯದೆ ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯಲ್ಲಿ ಅದಕ್ಕೆ ಬಹಳ ಅನುಭವವಿದೆ. ದೂರದ ಊರಿನಿಂದ ಹೋಗುವವರು ಇಂಜೆಕ್ಷನ್ನಿಗಾಗಿ ಪ್ರತಿ ಸಲ ಅಲ್ಲಿಗೆ ಹೋಗಬೇಕಿಲ್ಲ. ತಜ್ಞರಿಂದ ಪತ್ರ ಬರೆಸಿಕೊಂಡು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಏರ್ಪಾಡು ಮಾಡಿಕೊಂಡು, ಊರಿನ ಆಶಾ ಕಾರ್ಯಕರ್ತೆಗೂ ದಿನಾಂಕಗಳ ಒಂದು ಪ್ರತಿ ಕೊಟ್ಟಿಡಿ.

ಮನೆಯಲ್ಲಿ ಒಬ್ಬರಿಗೆ ಈ ರೋಗ ಬಂದಿದ್ದರೆ ಉಳಿದ ಮಕ್ಕಳ ಗಂಟಲು ನೋವನ್ನೂ ಹಗುರವಾಗಿ ಕಾಣಬೇಡಿ. ಒಂದೇ ಸೂರಿನಡಿ ಅದೇ ಬ್ಯಾಕ್ಟೀರಿಯಾ ಸುತ್ತಾಡುತ್ತಿರುತ್ತದೆ. ಸ್ಟ್ರೆಪ್ಟೋಕಾಕಸ್ಸಿನ ಗಂಟಲು ನೋವಿಗೆ ಆರಂಭವಾದ 9 ದಿನಗಳೊಳಗೆ ಚಿಕಿತ್ಸೆ ಶುರುಮಾಡಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ವೈದ್ಯರು 10 ದಿನದ ಮಾತ್ರೆ ಬರೆದಿದ್ದರೆ, ಮೂರನೆಯ ದಿನಕ್ಕೆ ನೋವು ಹೋಗಿ ಮಗು ಆಟಕ್ಕೆ ಓಡಿದರೂ, ಹತ್ತೂ ದಿನ ಕೊಟ್ಟು ಮುಗಿಸಿ.